ಅಕ್ಕನ ಮೂರನೇ ಅಧ್ಯಾಯ

ನಮ್ಮಕ್ಕನ ತಲೆ ತಿಂದದ್ದು ಗಣಿತ. ಅದೂ ಎಂಥ ಗಣಿತ ಅಂತೀರಿ? ಕೂಡು ಕಳೆ ಒಂದೂ ಇಲ್ಲ, ಬರೀ ಗುಂಪು, ಉಪಗುಂಪು! ಕಾಲೇಜಿನಲ್ಲಿ ತಾತ್ಕಾಲಿಕ ಮೇಡಂ ಆಗಿ ದುಡಿಯುತ್ತ, ಕೂದಲು ನರೆಯುವವರೆಗೂ ಡಾಕ್ಟರೇಟಿಗೆ ಒಂದೇ ಪ್ರಬಂಧ ಬರೆದಳು. ಮದುವೆಯ ಮಾತೆತ್ತಿದವರನ್ನೆಲ್ಲ ಬಾಗಿಲಲ್ಲೇ ಸಾಗಹಾಕಿದಳು. ನಾನು ದರ್ಜಿ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ.

ಒಮ್ಮೆ, ಏನೇ ಅದು ನೀನು ಬರೆಯೋದು ಅಂತ ಪೀಡಿಸಿದ್ದಕ್ಕೆ ಹೇಳಿದ್ದಳು: "ಎರಡು ಉಪಗುಂಪು ಇವೆ ಅನ್ಕೋ. ಮೊದಲು ಇವರಲ್ಲೊಬ್ಬ, ಆಮೇಲೆ ಅವರಲ್ಲೊಬ್ಬ ಕೈ ಹಾಕಿ ಏನೇನು ಕೆಲಸ ಮಾಡ್ತಾರೋ, ಅದನ್ನೆಲ್ಲ ಮೊದಲು ಅವರು, ಆಮೇಲೆ ಇವರು ಕೈ ಹಾಕಿದ್ರೂ ಮಾಡೋಕಾಗ್ಬೇಕು. ಆಳು ಬದಲಾದ್ರೆ ಪರವಾಗಿಲ್ಲ. ಆಗ ಎರಡೂ ಹೊಂದ್ಕೊಳ್ಳುತ್ವೆ ಅಂತೀವಿ."

"ಅತ್ತೆಮನೆ, ತವರುಮನೆ ಇದ್ದ ಹಾಗೆ," ಅಂದೆ.

"ನಿನ್ನ ಅತ್ತೆಮನೆ ಬಿಟ್ಟು," ಅಂತ ನಕ್ಕಳು. ನಾನು ಅತ್ತೆಮನೆ ಬಿಟ್ಟು ಬಂದವಳು.

ಈ ಸಲ ಕಾಲೇಜಿನವರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದರು: ಶುಕ್ರವಾರದೊಳಗೆ ಪ್ರಬಂಧ ಕೊಡದಿದ್ದರೆ ಕೆಲಸವಿಲ್ಲ. ವಿಶ್ವವಿದ್ಯಾಲಯವೂ ಇನ್ನು ಗಡುವು ಕೊಡುವುದಿಲ್ಲ ಎಂದಿತ್ತು. ಗುರುವಾರ ಮಧ್ಯಾಹ್ನ ಬೈಂಡಾದ ಪ್ರತಿಗಳನ್ನು ತಂದವಳು ಅಂಗಡಿಯಲ್ಲೇ ಕುಸಿದು ಕೂತಳು.

"ತಪ್ಪಿದೆ ಕಣೇ," ಅಂದಳು.

ಕತ್ತರಿಸಿದ ಬಟ್ಟೆಯಲ್ಲಿ ಒಂದು ಚೌಕದ ತುಂಡು ಹೆಕ್ಕಿ, ಮೇಲಿನ ಎಡಮೂಲೆಗೆ ಗುಂಡುಪಿನ್ನು ಚುಚ್ಚಿದಳು. ಪುಟ ತಿರುವಿದಂತೆ ಬಟ್ಟೆಯನ್ನು ಬಲಕ್ಕೆ ಮಗುಚಿ, ಆಮೇಲೆ ಮೇಲಿನ ಎಡಮೂಲೆ, ಕೆಳಗಿನ ಬಲಮೂಲೆ ಹಿಡಿದು ಓರೆಯಾಗಿ ಮಗುಚಿದಳು. ಪಿನ್ನು ಕೆಳಗಿನ ಎಡಮೂಲೆಗೆ ಬಂತು. ಮತ್ತೆ ಮೊದಲಿನಂತೆ ಇಟ್ಟು, ಈ ಸಲ ಓರೆ ಮೊದಲು, ಬಲಕ್ಕೆ ಆಮೇಲೆ. ಪಿನ್ನು ಮೇಲಿನ ಬಲಮೂಲೆಗೆ ಹೋಯಿತು.

"ನೋಡು, ಬಲಕ್ಕೆ ಮಗುಚೋ ಸಣ್ಣ ಗುಂಪು ಓರೆ ಮಗುಚೋದರ ಜೊತೆ ಹೊಂದ್ಕೊಳ್ಳಲ್ಲ. ಆದ್ರೂ ಈ ಸಣ್ಣ ಗುಂಪು ನಡುವಿನ ಗುಂಪಿನೊಳಗೆ ಎಲ್ಲರ ಜೊತೆ ಹೊಂದ್ಕೊಳ್ಳುತ್ತೆ. ನಡುವಿನದು ದೊಡ್ಡದರೊಳಗೆ ಎಲ್ಲರ ಜೊತೆ ಹೊಂದ್ಕೊಳ್ಳುತ್ತೆ. ಹಾಗಂತ ಸಣ್ಣದು ದೊಡ್ಡದರೊಳಗೂ ಹೊಂದ್ಕೊಳ್ಳುತ್ತೆ ಅನ್ನೋ ಹಾಗಿಲ್ಲ. ಪ್ರತಿ ವರ್ಷ ಇದೇ ಚೌಕ ತೋರ್ಸಿ ಮಕ್ಕಳಿಗೆ ಎಚ್ಚರಿಕೆ ಹೇಳ್ತೀನಿ. ಮೂರನೇ ಅಧ್ಯಾಯದಲ್ಲಿ ನಾನೇ ಆ ತಪ್ಪು ಮಾಡ್ಬಿಟ್ಟಿದ್ದೀನಿ. ಮುಂದಿನದೆಲ್ಲ ಅದರ ಮೇಲೇ ನಿಂತಿದೆ."

ತನ್ನ ಗೈಡಿಗೆ ಫೋನು ಮಾಡಿದಳು. "ಸುಮ್ನೆ ಕೊಟ್ಬಿಡಮ್ಮ, ಯಾರೂ ಅಷ್ಟು ಆಳಕ್ಕೆ ಇಳಿಯಲ್ಲ," ಅಂದರು ಮಹಾನುಭಾವರು. ನನಗೂ ಅದೇ ಸರಿ ಅನ್ನಿಸಿತು. ಸಂಜೆಯೆಲ್ಲ ಅವಳು ಆ ಒಂದು ಸಾಲನ್ನು ಸರಿಮಾಡಲು ಹೆಣಗಿದಳು. ಗೀಚುವುದು, ಹರಿಯುವುದು, ಅಳುವುದು. ಸಾಲು ಜಗ್ಗಲಿಲ್ಲ.

ಶುಕ್ರವಾರ ನಾನೂ ಜೊತೆಗೆ ಹೋದೆ, ಅವಳನ್ನು ನಂಬಿ ಕಳಿಸುವ ಹಾಗಿರಲಿಲ್ಲ. ಕಾಲೇಜಿನ ಕಚೇರಿಯ ಕಿಟಕಿಯಲ್ಲಿ ಗುಮಾಸ್ತ ಕೈ ಚಾಚಿದ. "ಕೊಡಿ ಮೇಡಂ." ಅಕ್ಕ ಪ್ರತಿಗಳನ್ನು ಎದೆಗವಚಿಕೊಂಡು ನಿಂತೇಬಿಟ್ಟಳು.

ನನಗೆ ಮೈಯೆಲ್ಲ ಉರಿದುಹೋಯಿತು. "ಕೊಡೇ! ದೊಡ್ಡ ಸತ್ಯಹರಿಶ್ಚಂದ್ರನ ತುಂಡು ನೀನು! ನಾಳೆಯಿಂದ ಏನು ಮಾಡ್ತೀಯ? ನನ್ನ ಅಂಗಡೀಲಿ ಗುಂಡಿ ಹೊಲೀತೀಯಾ?"

"ಅದೂ ಬರಲ್ಲ ನಂಗೆ," ಅಂತ ಬಿಕ್ಕಿದಳು. "ಏನೂ ಬರಲ್ಲ. ಇದೊಂದು ಬರುತ್ತೆ ಅನ್ಕೊಂಡಿದ್ದೆ."

ಕಿತ್ತು ಕೊಡಲು ಹೋದೆ. ಬಿಡಲಿಲ್ಲ. ಗುಮಾಸ್ತ ಪಾಪ, ಕೈ ಹಿಂದಕ್ಕೆ ತೆಗೆದುಕೊಂಡ.

ಅವಳಿಗೆ ಇನ್ನೊಂದು ಕ್ಲಾಸು ಉಳಿದಿತ್ತು, ಕೊನೆಯದು. ಮುಖ ತೊಳೆದುಕೊಂಡು ಹೋದಳು. ಎಲ್ಲಾದರೂ ಬಿದ್ದಾಳು ಎಂಬ ಭಯಕ್ಕೆ ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಅಕ್ಕ ಬೋರ್ಡಿನ ಮೇಲೆ ಚೌಕ ಬರೆದು, ಸಣ್ಣದು, ನಡುವಿನದು, ದೊಡ್ಡದು ಎಲ್ಲವನ್ನೂ ನಿಧಾನವಾಗಿ ಬಿಡಿಸಿ ಹೇಳಿದಳು. ನನಗೇ ಅರ್ಥವಾಯಿತು ಎಂದರೆ ನೋಡಿ.

ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. "ಮೇಡಂ, ಇಷ್ಟು ಸುಲಭದ್ದನ್ನ ಯಾರಾದ್ರೂ ತಪ್ಪು ಮಾಡ್ತಾರಾ?"

ಕ್ಲಾಸೆಲ್ಲ ನಕ್ಕಿತು. ಅಕ್ಕ ಬೋರ್ಡಿನ ಕಡೆ ತಿರುಗಿಕೊಂಡು, ಆ ಚೌಕದ ಮೂಲೆಗೆ ಪಿನ್ನಿನಂಥ ಒಂದು ಚುಕ್ಕೆ ಇಟ್ಟಳು.

"ಮಾಡ್ತಾರಮ್ಮ," ಅಂದಳು. "ಬರ್ಕೋ."