ನಾಲ್ಕನೆಯ ಆಟ ತಾನಾಗಿಯೇ ಮುಚ್ಚುತ್ತದೆ

“ಮಾಣಿ, ಎಸ್‌ಎಸ್‌ಡಿ ಹಾಕಿಸಿದ್ರೆ ನಾಲ್ಕು ಗೇಮು ಒಟ್ಟಿಗೆ ಓಡ್ತದಾ?”

ಬೆಳಿಗ್ಗೆ ಕಾಫಿ ಲೋಟ ಇನ್ನೂ ಕೈಯಲ್ಲಿತ್ತು. ಫೋನಿನಲ್ಲಿ ಹೀಗೆ ಕೇಳಿದವಳು ಹೊಸನಗರದ ನನ್ನ ಅಕ್ಕ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ರಿಟೈರ್ ಆದವಳು. ಮಾಣಿ, ಅಂದರೆ ಹುಡುಗ, ನಾನೇ. (ರಿಟೈರಾಗಲು ನನಗೂ ಹೆಚ್ಚು ದಿನ ಉಳಿದಿಲ್ಲ. ಅಕ್ಕನಿಗೆ ಅದೆಲ್ಲ ಲೆಕ್ಕಕ್ಕಿಲ್ಲ.)

ನಾನು ಸಾಗರದ ಕಾಲೇಜಿನಲ್ಲಿ ಇತಿಹಾಸ ಹೇಳುವವನು. ಯಾವುದೋ ಕಾಲದಲ್ಲಿ ಇದೇ ಅಂಕಣದಲ್ಲಿ ಕಂಪ್ಯೂಟರ್ ವೈರಸ್ ಬಗ್ಗೆ ಬರೆದೆ, ಅಲ್ಲಿಗೆ ಮುಗಿಯಿತು ನನ್ನ ಕಥೆ. ನೆಂಟರ ಮನೆಯಲ್ಲಿ ಪ್ರಿಂಟರ್ ಕೆಟ್ಟರೆ ನಾನು, ವೈಫೈ ಬಾರದಿದ್ದರೆ ನಾನು, ಮೊಬೈಲಿನಲ್ಲಿ ಫೋಟೋ ಕಾಣದಿದ್ದರೆ ನಾನು. ಮದುವೆ ಮನೆಗೆ ಹೋದರೂ ಊಟ ಆಯ್ತಾ ಎಂದು ಕೇಳುವ ಮೊದಲು ಫೋನ್ ಕೈಗೆ ಕೊಡುತ್ತಾರೆ. ಗೊತ್ತಿಲ್ಲ ಎಂದರೆ ನಂಬುವುದಿಲ್ಲ, ಜಂಬ ಎನ್ನುತ್ತಾರೆ. ನಿಜ ಹೇಳುತ್ತೇನೆ, ಸುಸ್ತಾಗಿಹೋಗಿದೆ.

ಇರಲಿ. ಅಕ್ಕನಿಗೆ ನಾಲ್ಕು ಗೇಮು ಯಾಕೆ?

ಅದೊಂದು ಬೇಸಾಯದ ಆಟ. ಉಳುವುದು, ಬಿತ್ತುವುದು, ಕೊಯ್ಯುವುದು, ಎಲ್ಲ ಕುರ್ಚಿಯಲ್ಲಿ ಕೂತೇ. ಆದರೆ ನಮ್ಮ ಹೊಲಕ್ಕೆ ನಾವೇ ನೀರು ಬಿಡುವಂತಿಲ್ಲ. ನಾಲ್ಕು ಜನ ಸೇರಿ ಒಂದು ತಂಡ ಕಟ್ಟಬೇಕು, ಒಬ್ಬರ ಹೊಲಕ್ಕೆ ಉಳಿದವರು ನೀರು ಬಿಡಬೇಕು. ನಮ್ಮ ಕಡೆಯ ಮುಯ್ಯಾಳು ಇದ್ದ ಹಾಗೆ, ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು. ಮತ್ತೊಂದು ರೂಲು, ವಾರಕ್ಕೆ ಒಮ್ಮೆಯಾದರೂ ನಾಲ್ವರೂ ಒಟ್ಟಿಗೆ ಆನ್‌ಲೈನ್ ಇರಬೇಕು. ಇಲ್ಲದಿದ್ದರೆ ಭಾನುವಾರ ರಾತ್ರಿ ತಂಡವೇ ಬರ್ಖಾಸ್ತು. ಇಷ್ಟು ವರ್ಷದ ಹೊಲ, ಮನೆ, ದನ, ಎಲ್ಲ ಮಾಯ.

ಅಕ್ಕನ ತಂಡದಲ್ಲಿದ್ದವರು ಅವಳು, ಅವಳ ಸ್ಕೂಲಿನ ಇಬ್ಬರು ಟೀಚರುಗಳು ಮತ್ತು ತೀರ್ಥಹಳ್ಳಿಯಲ್ಲಿರುವ ನಮ್ಮ ತಂಗಿ ಲಲಿತಾ. ಮಧ್ಯಾಹ್ನ ಊಟ ಮುಗಿಸಿ ನಾಲ್ವರೂ ಕೂರುತ್ತಿದ್ದರಂತೆ. ಆಟಕ್ಕಿಂತ ಹರಟೆಯೇ ಜಾಸ್ತಿ. ಆಮೇಲೆ ಒಬ್ಬ ಟೀಚರಿಗೆ ಕಣ್ಣಿನ ತೊಂದರೆ, ಇನ್ನೊಬ್ಬರಿಗೆ ಬೇಜಾರು. ಇಬ್ಬರೂ ಪಾಸ್‌ವರ್ಡನ್ನು ಅಕ್ಕನಿಗೆ ಕೊಟ್ಟು, ನೀನೇ ನೋಡ್ಕೊ ಎಂದು ಕೈತೊಳೆದುಕೊಂಡರು. ಲಲಿತಾಳ ಪಾಸ್‌ವರ್ಡೂ ಅಕ್ಕನ ಹತ್ತಿರ ಇತ್ತು. ಅವಳು ಕಾಶಿಗೆ ಹೋದಾಗ ಹೊಲ ಒಣಗದಿರಲಿ ಎಂದು ಕೊಟ್ಟು ಹೋದದ್ದು.

ಟೀಚರುಗಳು ಬಿಟ್ಟ ಸುದ್ದಿ ಲಲಿತಾಳಿಗೆ ಮುಟ್ಟುವ ಮೊದಲೇ ಜಗಳವಾಯಿತು.

ಜಗಳ ಎಂದರೆ ಕೂಗಾಟವಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು, ಅವತ್ತೇ ಮುಗಿಯುತ್ತಿತ್ತು. ಅಕ್ಕನ ಮಗಳ ಮದುವೆಗೆ ಲಲಿತಾಳನ್ನು ಕರೆಯಲು ಅಕ್ಕ ಹೋಗಲಿಲ್ಲ, ವಾಟ್ಸಾಪಿನಲ್ಲಿ ಕಾರ್ಡ್ ಕಳಿಸಿದಳು. ಮಂಡಿನೋವಿತ್ತು, ಮನೆಯವಳಿಗೆ ಎಂತ ಕರೆಯೋದು ಎಂಬುದು ಅಕ್ಕನ ವಾದ. ಊರಿಗೆಲ್ಲ ಅಕ್ಷತೆ ಕೊಟ್ಟು ಕರೆದವಳಿಗೆ ತಂಗಿ ಮನೆ ಮಾತ್ರ ದೂರವಾಯ್ತಾ ಎಂಬುದು ಲಲಿತಾಳ ವಾದ. ಲಲಿತಾ ಮದುವೆಗೆ ಬರಲಿಲ್ಲ. ಅಲ್ಲಿಂದ ಎರಡು ಮಳೆಗಾಲ ಕಳೆಯಿತು, ಇಬ್ಬರಿಗೂ ಮಾತಿಲ್ಲ. ಮಾತೆಲ್ಲ ನನ್ನ ಮೂಲಕ. ಅಕ್ಕನ ಬಿಪಿ ಎಷ್ಟಿದೆ ಎಂದು ಲಲಿತಾ ನನ್ನನ್ನು ಕೇಳುತ್ತಾಳೆ. ಲಲಿತಾ ಉಪ್ಪಿನಕಾಯಿ ಹಾಕಿದಳಾ ಎಂದು ಅಕ್ಕ ನನ್ನನ್ನು ಕೇಳುತ್ತಾಳೆ. ನಾನು ಕೇಳಿದೆ ಅಂತ ಹೇಳಬೇಡ ಎಂದು ಇಬ್ಬರೂ ಸೇರಿಸುತ್ತಾರೆ. ಈ ಕೆಲಸಕ್ಕೂ ರಿಟೈರ್‌ಮೆಂಟ್ ಇರಬಾರದೇ?

ಲಲಿತಾ ಆಟವನ್ನೂ ಬಿಟ್ಟಳು ಎಂದುಕೊಂಡ ಅಕ್ಕ, ನಾಲ್ಕೂ ಖಾತೆಗಳನ್ನು ಒಂದೇ ಕಂಪ್ಯೂಟರಿನಲ್ಲಿ ತೆರೆದು ಕೂರಲು ಶುರುಮಾಡಿದಳು. ತಾನೇ ನಾಲ್ಕು ಜನ. ತನಗೆ ತಾನೇ ಮುಯ್ಯಾಳು. ಆ ಕಂಪ್ಯೂಟರೋ, ಮಗಳು ಕಾಲೇಜಿನಲ್ಲಿದ್ದಾಗ ತಂದದ್ದು. ಒಂದು ಗೇಮಿಗೆ ಕೆಮ್ಮುತ್ತದೆ, ಎರಡಕ್ಕೆ ಏದುಸಿರು, ಮೂರಕ್ಕೆ ಹ್ಯಾಂಗು. ಹೇಗೋ ಕಷ್ಟಪಟ್ಟು ತೆರೆದರೆ ನಾಲ್ಕನೆಯದು ಸ್ವಲ್ಪ ಹೊತ್ತಿಗೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ನಾಲ್ಕನೆಯದೆಂದರೆ ಲಲಿತಾಳದ್ದು.

ಎಸ್‌ಎಸ್‌ಡಿಯಿಂದ ಉಪಯೋಗ ಉಂಟಾ ಎಂದು ನಾನೂ ಹುಡುಕಿ ಓದಿದೆ. ಇಂಟರ್ನೆಟ್ಟಿನಲ್ಲಿ ಹತ್ತು ಜನ ಹತ್ತು ಥರ ಹೇಳುತ್ತಾರೆ. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಹಳೆಯ ಹಾರ್ಡ್ ಡಿಸ್ಕ್ ಎಂದರೆ ನಾಲ್ಕು ಪಂಕ್ತಿಗೆ ಒಬ್ಬನೇ ಮುದಿ ಬಡಿಸುವವನು. ಇಲ್ಲಿ ಸಾರು ಎಂದರೆ ಓಡುತ್ತಾನೆ, ಅಲ್ಲಿ ಪಲ್ಯ ಎಂದರೆ ತಿರುಗುತ್ತಾನೆ, ಅಷ್ಟರಲ್ಲಿ ಮೂರನೆಯ ಪಂಕ್ತಿಯವರು ಎಲೆ ಮುಂದೆ ಕಾಯುತ್ತಿರುತ್ತಾರೆ. ಎಸ್‌ಎಸ್‌ಡಿ ಎಂದರೆ ಚುರುಕು ಹುಡುಗ, ಕರೆಯುವ ಮೊದಲೇ ಹಾಜರು. ಹಾಗಾಗಿ ಆಟ ಬೇಗ ತೆರೆಯುತ್ತದೆ. ಆದರೆ ಬಡಿಸುವವನು ಚುರುಕಾದ ಮಾತ್ರಕ್ಕೆ ಊಟದ ಹಾಲ್ ದೊಡ್ಡದಾಗುತ್ತದೆಯೇ? ಆ ಹಾಲ್‌ಗೆ ರ‍್ಯಾಮ್ ಎನ್ನುತ್ತಾರೆ. ಒಳಗೆ ಅಡಿಗೆಯವನೂ ಒಬ್ಬನಿದ್ದಾನೆ, ಅವನು ಪ್ರೊಸೆಸರ್. ನಾಲ್ಕು ಆಟ ಒಟ್ಟಿಗೆ ಸಲೀಸಾಗಿ ನಡೆಯಬೇಕೆಂದರೆ ಮೂರೂ ಸರಿಯಿರಬೇಕು.

ಇದನ್ನೆಲ್ಲ ಫೋನಿನಲ್ಲಿ ವಿವರಿಸಿದೆ. ಅಕ್ಕ ಸಾವಧಾನವಾಗಿ ಕೇಳಿ, ಹಂಗಾದ್ರೆ ಭಾನುವಾರ ಬರ್ತೀಯಲ್ಲ ಎಂದಳು.

ಹೋದೆ. ಹೋಗದೆ ಏನು ಮಾಡಲಿ? ಸಾಗರದ ಅಂಗಡಿಯಲ್ಲಿ ಎಸ್‌ಎಸ್‌ಡಿ ಕೊಂಡೆ, ಜೊತೆಗೆ ರ‍್ಯಾಮನ್ನೂ. ಬಟ್ಟೆಮಲ್ಲಪ್ಪ ಎಂಬ ಊರು ದಾಟುವವರೆಗೆ ಬಸ್ಸಿನಲ್ಲಿ ನಿಂತೇ ಇದ್ದೆ. ಡಬ್ಬ ಬಿಚ್ಚಿ, ಧೂಳು ಕೊಡವಿ, ಎಲ್ಲವನ್ನೂ ಹೊಸದಾಗಿ ಹಾಕಿ ಮುಗಿಸುವಾಗ ಊಟದ ಹೊತ್ತು ಮೀರಿತ್ತು. ಭಾವ ಒಂದೆರಡು ಸಲ ಬಂದು ನೋಡಿ, ಹಂಗೇ ಟಿವಿ ರಿಮೋಟೂ ನೋಡ್ಬಿಡು ಮಾರಾಯ ಎಂದು ಹೋದರು.

ಊಟವಾದ ಮೇಲೆ ಅಕ್ಕ ಕೂತಳು. ನಾಲ್ಕೂ ಆಟ ಪಟಪಟನೆ ತೆರೆದುಕೊಂಡವು. ಅಕ್ಕನ ಮುಖ ನೋಡಬೇಕಿತ್ತು. ಬಸ್ಸಿನಲ್ಲಿ ನಿಂತು ಬಂದದ್ದು ಸಾರ್ಥಕ ಎನ್ನಿಸಿತು.

ಅಷ್ಟರಲ್ಲಿ ನಾಲ್ಕನೆಯದು ಮುಚ್ಚಿಕೊಂಡಿತು.

ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಬಾಕ್ಸ್ ಬಂತು. ಅಕ್ಕ ಅಭ್ಯಾಸಬಲದಿಂದ ಓಕೆ ಒತ್ತಲು ಹೋದಳು, ನಾನು ಕೈ ಹಿಡಿದೆ. ಇಷ್ಟು ದಿನವೂ ಅದು ಬರುತ್ತಿತ್ತಂತೆ, ಓದಿರಲಿಲ್ಲವಂತೆ. (ನಗಬೇಡಿ. ಆ ಬಾಕ್ಸುಗಳನ್ನು ನೀವು ಓದುತ್ತೀರಾ?) ಅದರಲ್ಲಿದ್ದದ್ದು ಇಷ್ಟೇ. ಈ ಖಾತೆಯನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆಯಲಾಗಿದೆ, ಆದ್ದರಿಂದ ಇಲ್ಲಿ ಮುಚ್ಚಲಾಗಿದೆ.

ಯಾರೋ ಹ್ಯಾಕ್ ಮಾಡಿದ್ದಾರಾ ಎಂದು ಅಕ್ಕ ಗಾಬರಿಯಾದಳು. ಪಾಸ್‌ವರ್ಡ್ ಇನ್ಯಾರಿಗೆ ಗೊತ್ತು ಎಂದು ಕೇಳಿದೆ. ಅಕ್ಕ ಪರದೆಯತ್ತ ತಿರುಗಿದಳು.

ಮೊದಲಾಗಿದ್ದರೆ ಆ ಹೊತ್ತಿಗೆ ಎಲ್ಲ ವಿಂಡೋಗಳೂ ಹ್ಯಾಂಗ್ ಆಗಿ ನಿಂತಿರುತ್ತಿದ್ದವು. ಈಗ ಉಳಿದ ಮೂರು ಚೆನ್ನಾಗಿ ಓಡುತ್ತಿದ್ದವು. ಆಟದಲ್ಲಿ ಒಬ್ಬೊಬ್ಬರಿಗೂ ಒಂದು ಗೊಂಬೆ. ಅಕ್ಕನ ವಿಂಡೋದಲ್ಲಿ ಲಲಿತಾಳ ಗೊಂಬೆ ಕಾಣುತ್ತಿತ್ತು, ಕೆಂಪು ಸೀರೆಯದ್ದು. ಅದು ನಡೆಯಿತು. ನೇರವಾಗಿ ಅಕ್ಕನ ಹೊಲಕ್ಕೆ ಬಂದು ನೀರು ಬಿಡಲು ಶುರುಮಾಡಿತು.

ಅಕ್ಕ ಮೌಸ್ ಬಿಟ್ಟಳು. “ನಾನು ಅವಳು ಬಿಟ್ಟೇಬಿಟ್ಟಿದ್ದಾಳೆ ಅಂದ್ಕೊಂಡಿದ್ದೆ, ಮಾಣಿ” ಎಂದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು, ಕನ್ನಡಕವನ್ನಲ್ಲ, ಕಣ್ಣನ್ನು.

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಹೊಸನಗರದ ಬಸ್‌ಸ್ಟ್ಯಾಂಡಿನಿಂದಲೇ ಲಲಿತಾಳಿಗೆ ಫೋನ್ ಮಾಡಿದೆ. ನಿನ್ನ ಗೇಮ್ ತಾನಾಗಿಯೇ ಮುಚ್ಚಿಕೊಳ್ಳುತ್ತದಾ ಎಂದು ಕೇಳಿದೆ. ಹೌದಣ್ಣ, ಅದಕ್ಕೇ ಹೋದ ತಿಂಗಳು ಎಸ್‌ಎಸ್‌ಡಿ ಹಾಕಿಸಿದೆ, ಆದ್ರೂ ಸರಿಯಾಗಲಿಲ್ಲ ಎಂದಳು. ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಅಕ್ಕ ತೆರೆದರೆ ತಂಗಿ ಹೊರಗೆ, ತಂಗಿ ತೆರೆದರೆ ಅಕ್ಕ ಹೊರಗೆ. ಎಷ್ಟು ದಿನದಿಂದ ಒಬ್ಬಳನ್ನೊಬ್ಬಳು ಹೀಗೆ ಹೊರಗೆ ದಬ್ಬುತ್ತಿದ್ದರೋ! ಇಬ್ಬರೂ ಬೈದದ್ದು ಮಾತ್ರ ಹಾರ್ಡ್ ಡಿಸ್ಕಿಗೆ.

ನಿನ್ನ ಖಾತೆಯನ್ನು ಅಕ್ಕನೂ ತೆರೆಯುತ್ತಿದ್ದಳು, ಟೀಚರುಗಳು ಆಟ ಬಿಟ್ಟು ಎಷ್ಟೋ ಕಾಲವಾಯಿತು, ಆ ಗೊಂಬೆಗಳೂ ಅಕ್ಕನೇ ಎಂದು ಹೇಳಿದೆ.

“ಅಕ್ಕನ ಗೊಂಬೆ ಒಂದಿನಾನೂ ನನ್ನ ಹೊಲಕ್ಕೆ ಬರ್ಲಿಲ್ಲ ಅಣ್ಣ. ಟೀಚರುಗಳದ್ದು ಮಾತ್ರ ತಪ್ಪದೆ ಬಂದು ನೀರು ಬಿಟ್ಟು ಹೋಗ್ತಿದ್ವು. ಹಂಗಾದ್ರೆ ಅದು ಅಕ್ಕನಾ?”

ಹೌದು ಎಂದೆ. ಫೋನ್ ಇಟ್ಟಳು.

ದೊಡ್ಡ ರಾಜಿ ಮಾಡಿಸಿದ ಠೀವಿಯಲ್ಲಿ ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಹುಳಿಗೆ ಒಗ್ಗರಣೆ ಹಾಕುತ್ತಿದ್ದವಳು ತಿರುಗಿ ನೋಡಿ, “ಇಬ್ಬರಿಗೂ ಹೇಳಿಬಿಟ್ರಾ?” ಎಂದಳು. ಅಷ್ಟೇ.

ಅವಳ ಮಾತು ಅರ್ಥವಾದದ್ದು ಬುಧವಾರ. ಅಕ್ಕ ಫೋನ್ ಮಾಡಿ ಕಂಪ್ಯೂಟರ್ ಚೆನ್ನಾಗಿ ಓಡುತ್ತಿದೆ ಎಂದಳು. ದನಿಯಲ್ಲಿ ಜೀವವಿರಲಿಲ್ಲ. ಲಲಿತಾಳ ಖಾತೆ ಯಾರೂ ತೆರೆಯದೆ ಬಿದ್ದಿದೆಯಂತೆ. ಅವಳು ಇನ್ನೂ ಆಡುತ್ತಾಳೆ ಎಂದು ಗೊತ್ತಾದ ಮೇಲೆ ಅವಳದ್ದನ್ನು ನಾನು ಹೇಗೆ ತೆರೆಯಲಿ ಎಂಬುದು ಅಕ್ಕನ ಪ್ರಶ್ನೆ. ಲಲಿತಾಳನ್ನು ಕೇಳಿದೆ. ತೆರೆದರೆ ಅಕ್ಕ ನೋಡ್ತಾಳೆ, ನಾನೇ ಮೊದಲು ಬಂದ ಹಾಗಾಗ್ತದೆ ಎಂದಳು. ಗೊತ್ತಿಲ್ಲದೆ ಇರುವಾಗ ದಿನವೂ ಬರುತ್ತಿದ್ದವರು, ಗೊತ್ತಾದ ಕೂಡಲೇ ನಿಂತರು. ಕದ್ದು ಪ್ರೀತಿ ಮಾಡಲು ಬರುತ್ತದೆ, ಎದುರಿಗೆ ಮಾಡಲು ಬಿಗುಮಾನ. ನಮ್ಮ ಮನೆಯದೊಂದೇ ಕಥೆಯೇ ಇದು? ನಿಮ್ಮ ಮನೆಯಲ್ಲೂ ಒಬ್ಬರ ಆರೋಗ್ಯವನ್ನು ಇನ್ನೊಬ್ಬರು ಮೂರನೆಯವರ ಹತ್ತಿರ ವಿಚಾರಿಸುತ್ತಿಲ್ಲವೇ?

ಶುಕ್ರವಾರ ಇಬ್ಬರೂ ಬೇರೆ ಬೇರೆಯಾಗಿ ಫೋನ್ ಮಾಡಿದರು. ಇಬ್ಬರದೂ ಒಂದೇ ಮಾತು, ಲಲಿತಾಳ ಖಾತೆಯನ್ನು ನಾನೇ ಸಾಗರದಲ್ಲಿ ಒಮ್ಮೆ ತೆರೆದು ತಂಡ ಉಳಿಸಿಬಿಡಬೇಕಂತೆ. ಪಾಸ್‌ವರ್ಡ್ ಬರೆದುಕೊ ಎಂದು ಇಬ್ಬರೂ ಹೇಳಿದರು. ನಾನು ಒಲ್ಲೆ ಎಂದೆ. ಜನ್ಮದಲ್ಲಿ ಮೊದಲ ಸಲ ಅಕ್ಕನಿಗೆ ಆಗೋದಿಲ್ಲ ಎಂದದ್ದು. ಇಬ್ಬರಿಗೂ ಸಿಟ್ಟು ಬಂದಿದೆ. ಬರಲಿ. ಬಸ್ಸಿನಲ್ಲಿ ನಿಂತು ಹೋಗಿ ಡಿಸ್ಕ್ ಬದಲಿಸಬಲ್ಲೆ, ನಿಮ್ಮಿಬ್ಬರ ಬದಲಿಗೆ ಗೊಂಬೆಯಾಗಿ ನಿಲ್ಲಲು ನನ್ನ ಕೈಲಾಗದು.

ಈ ಅಂಕಣವನ್ನು ಅವರಿಬ್ಬರೂ ತಪ್ಪದೆ ಓದುತ್ತಾರೆ. (ಓದಿ ತಪ್ಪು ಹುಡುಕಿ ಫೋನ್ ಮಾಡುತ್ತಾರೆ.) ಮನೆಯ ವಿಷಯ ಪೇಪರಿಗೆ ಹಾಕಿದ ಎಂದು ಬೈದರೂ ಚಿಂತೆಯಿಲ್ಲ, ಬೈಯಲಿಕ್ಕಾದರೂ ಇಬ್ಬರೂ ಒಂದಾಗಲಿ. ಇವತ್ತು ಭಾನುವಾರ. ತಂಡ ಬರ್ಖಾಸ್ತಾಗಲು ರಾತ್ರಿಯವರೆಗೆ ಟೈಮಿದೆ.

ಅಕ್ಕಾ, ಲಲಿತಾ, ಪಾಸ್‌ವರ್ಡ್ ಇಬ್ಬರಿಗೂ ಬಾಯಿಪಾಠವಿದೆ, ಫೋನ್ ನಂಬರ್ ಮಾತ್ರ ಮರೆತುಹೋಯಿತೇ?