ಆರ್ಡಿಸ್ ಕೊಂಡ ಹಳೇ ಬಂದೂಕು

ಮಿಲೋ ಹೌಗನ್ ಎದುರಿಗೆ ಬಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಇದು ನನ್ನ ತಂಗಿ ಆರ್ಡಿಸಳ ಕಥೆ, ಹೇಳುತ್ತಿರುವವಳು ಅವಳ ಸ್ವಂತ ಅಕ್ಕ. ಹಾಗಾಗಿ ನಾನು ಎರಡೂ ಕಡೆಯ ನ್ಯಾಯ ತೂಗಿ ಹೇಳುತ್ತೇನೆಂದು ಯಾರೂ ಕಾಯಬೇಡಿ. ಮಿಲೋ ಅವಳ ಗಂಡನ ಅಣ್ಣ. ಅವನ ಕಡೆಯ ಮಾತು ಬೇಕಿದ್ದರೆ ನಮ್ಮೂರಿನ ಕಾಫಿ ಅಂಗಡಿಗೆ ಹೋಗಿ ಕೂತುಕೊಳ್ಳಿ, ಕೇಳದಿದ್ದರೂ ಹೇಳುತ್ತಾನೆ.

ಆರ್ಡಿಸ್ ಆ ಹೌಗನ್ನರ ಮನೆ ಸೇರಿ ಮಾಡದ ಕೆಲಸವಿಲ್ಲ. ಡಕೋಟದ ಆ ಚಳಿಗಾಳಿಯಲ್ಲಿ ಕರು ಹಾಕಿಸಿದಳು, ಕೊಯ್ಲಿನ ಯಂತ್ರ ಓಡಿಸಿದಳು, ಇಸ್ಕೂಲಿನ ಬಸ್ಸು ಓಡಿಸಿದಳು. ಅಕ್ಟೋಬರಿನಲ್ಲಿ ಬೇಟೆ ಶುರುವಾಗುವ ಶನಿವಾರ ಮಾತ್ರ ಅವಳನ್ನು ಅಡುಗೆಮನೆಗೆ ಅಟ್ಟುತ್ತಿದ್ದರು. ಆ ದಿನ ಹೌಗನ್ ಗಂಡಸರೆಲ್ಲ ಅವಳ ಮೆಕ್ಕೆಜೋಳದ ಹೊಲಕ್ಕೆ ಬರುತ್ತಾರೆ. ಕೆಲವರು ಹೊಲದ ಆ ತುದಿಯಲ್ಲಿ ಅಡ್ಡ ನಿಲ್ಲುತ್ತಾರೆ, ಉಳಿದವರು ಈ ತುದಿಯಿಂದ ಸಾಲಾಗಿ ನಡೆಯುತ್ತಾರೆ. ನಡುವೆ ಸಿಕ್ಕ ಫೆಸೆಂಟ್ ಎಂಬ ಕಾಡುಕೋಳಿಯ ಹುಂಜಗಳು ಓಡಿ ಓಡಿ, ದಾರಿ ಕಾಣದೆ ಕೊನೆಗೆ ಮೇಲೇಳುತ್ತವೆ. ಆ ಸಾಲಿನಲ್ಲಿ ಒಂದು ಸಲ ನಡೆಯಬೇಕೆಂದು ಆರ್ಡಿಸಳಿಗೆ ಆಸೆ. ಗಂಡ ವೆಂಡೆಲ್ ಪ್ರತಿಸಲವೂ "ಬರೋ ವರ್ಷ ನೋಡೋಣ ಬಿಡೆ" ಎನ್ನುತ್ತಿದ್ದ. ಇವಳು ಹ್ಯಾಮ್ ಇಟ್ಟ ಬನ್ನು ಕಟ್ಟಿ ಕಳಿಸುತ್ತಿದ್ದಳು, ಸಂಜೆ ಅವರು ತಂದೆಸೆದ ಹಕ್ಕಿಗಳ ಪುಕ್ಕ ಕೀಳುತ್ತಿದ್ದಳು.

ವೆಂಡೆಲ್ ವಸಂತದಲ್ಲಿ ತೀರಿಕೊಂಡ. ಹೊಲ ಇವಳ ಹೆಸರಿಗೆ ಬಂತು. ಮಣ್ಣು ಮಾಡಿದ ವಾರವೇ ಮಿಲೋ ಬಂದು ಗೋಡೆಯ ಮೇಲಿದ್ದ ತಮ್ಮನ ಬಂದೂಕನ್ನು ಇಳಿಸಿಕೊಂಡ.

"ಇದು ನಮ್ಮಪ್ಪಂದು. ಮನೇಲಿ ಗಂಡಸರಿಲ್ಲ, ನಿಂಗ್ಯಾಕೆ ಬೇಕು?" ಎಂದ.

ಇವಳು ತೆಗೆದುಕೊಂಡು ಹೋಗಲು ಬಿಟ್ಟಳು. ನಾನಾಗಿದ್ದರೆ ಕಾಫಿ ಕೆಟಲ್ಲನ್ನೇ ಅವನ ಮುಖಕ್ಕೆ ಎಸೆಯುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಆರ್ಡಿಸ್ ನನ್ನ ಮನೆಗೆ ಬಂದು "ಲವೋನ್, ಗಾಡಿ ತೆಗಿ, ವೊಂಡ್ರನ ಅಂಗಡಿಗೆ ಹೋಗೋಣ" ಎಂದಳು. ವೊಂಡ್ರ ಹಳೇ ಬಂದೂಕುಗಳನ್ನು ತಂದು ರಿಪೇರಿ ಮಾಡಿ ಮಾರುವ ಮುದುಕ. ಬಾಯಿ ಮಾತ್ರ ಯಾರೂ ರಿಪೇರಿ ಮಾಡಲಾರದಷ್ಟು ಕೆಟ್ಟದ್ದು.

"ಯಾವ ಮೊಮ್ಮಗನಿಗೆ?" ಎಂದು ಕೇಳಿದ, ತಲೆಯನ್ನೂ ಎತ್ತದೆ.

"ನಂಗೇ."

"ಗೋಡೆಗೆ ನೇತುಹಾಕಕ್ಕಾ?"

"ನಿನ್ನ ತಲೆ. ಹೊಲಕ್ಕೆ."

ಮುದುಕ ಆಗ ತಲೆಯೆತ್ತಿದ. ಒಳಗಿನಿಂದ ಒಂದು ಪಂಪ್ ಬಂದೂಕು ತಂದಿಟ್ಟ, ನಳಿಗೆಯ ಕೆಳಗಿನ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ದೂಡಿದರೆ ತೋಟಾ ನಳಿಗೆಗೆ ಏರುವಂಥದು. ಮಹಾಯುದ್ಧಕ್ಕೂ ಮುಂಚಿನದು, ಈಗಿನವುಗಳಿಗಿಂತ ಹಗುರ. ನಳಿಗೆಗೆ ಹೊಸದಾಗಿ ಕಪ್ಪು ಹಿಡಿಸಿದ್ದ, ಬಿರುಕು ಬಿಟ್ಟಿದ್ದ ಮರದ ಹಿಡಿಯನ್ನು ಬೆಸೆದು ಎಣ್ಣೆ ಕುಡಿಸಿದ್ದ. ಅಂದ ನೋಡಿ ಕೊಳ್ಳುವವಳಲ್ಲ ನನ್ನ ತಂಗಿ. ಭುಜಕ್ಕೇರಿಸಿದಳು, ಇಳಿಸಿದಳು, ಮತ್ತೆ ಏರಿಸಿದಳು. ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದಳು. ಬೆಸೆದ ಜಾಗವನ್ನು ಉಗುರಿನಿಂದ ಕೆರೆದಳು.

"ಏ, ಕೆರೀಬೇಡ! ಅದು ನನ್ನ ಕೆಲಸ, ಬಿಟ್ಕೊಳಲ್ಲ."

"ನಿನ್ನ ಕೆಲಸ ಅಂತಲೇ ಕೆರೀತಿರೋದು."

ಅಂಗಡಿಯ ಹಿಂದಿನ ಬಯಲಿಗೆ ಹೋಗಿ ಹೊಡೆದು ನೋಡಿದಳು. ಮೂರನೆಯ ಹೊಡೆತಕ್ಕೆ ಗುರಿಗೆ ಇಟ್ಟಿದ್ದ ಡಬ್ಬಿ ಹಾರಿತು. ಆಗ ವೊಂಡ್ರ ಅವಳ ಕೈಯನ್ನೇ ಹಿಡಿದು ಹೇಳಿದ: "ಸರಿಯಾಗಿ ಕೇಳಿಸ್ಕೋ. ಹೊಸ ಬಂದೂಕಲ್ಲಿ ಟ್ರಿಗರ್ ಒತ್ತಿಕೊಂಡೇ ಪಂಪ್ ಮಾಡಿದ್ರೆ ಏನೂ ಆಗಲ್ಲ, ಬೆರಳು ತೆಗೆದು ಮತ್ತೆ ಒತ್ತಬೇಕು. ಇದರಲ್ಲಿ ಆ ತಡೆ ಇಲ್ಲ. ಬೆರಳು ಒತ್ತಿಕೊಂಡೇ ಇದ್ರೆ, ಪಂಪ್ ಮುಂದಕ್ಕೆ ಹೋದ ತಕ್ಷಣ ಢಂ. ಗೊತ್ತಾಯ್ತಾ? ಹೊಸದು ಹಿಡಿದು ಕೈ ಪಳಗಿದವರೇ ಇದರಲ್ಲಿ ಎಡವಟ್ಟು ಮಾಡ್ಕೊಳೋದು." ಆರ್ಡಿಸ್ ಅದನ್ನು ಅವನೆದುರಿಗೇ ತಿರುಗಿ ಹೇಳಿ ಒಪ್ಪಿಸಿದಳು. ಬಸ್ಸು ಓಡಿಸಿದವಳಲ್ಲವೇ, ಜಾಗ್ರತೆ ಅವಳ ರಕ್ತದಲ್ಲೇ ಇದೆ.

ಬೇಟೆಯ ಆ ಶನಿವಾರ ಬಂತು. ಅಡ್ಡ ನಿಲ್ಲುವವರು ಆ ತುದಿಗೆ ಹೋದರು, ಉಳಿದ ಗಂಡಸರು ಹೊಲದ ಈ ತುದಿಯಲ್ಲಿ ಸೇರಿದರು. ನಾನು ನನ್ನ ಪಿಕಪ್ಪಿನ ಹಿಂಬದಿ ಬಾಗಿಲು ಇಳಿಸಿ ಕಾಫಿ ಜೋಡಿಸುತ್ತಿದ್ದೆ. ಆರ್ಡಿಸ್ ಬೇಟೆಯವರ ಕಿತ್ತಳೆ ಬಣ್ಣದ ಟೋಪಿ ಹಾಕಿ, ಬಂದೂಕು ಹಿಡಿದು ಸಾಲಿಗೆ ಬಂದು ನಿಂತಳು.

"ಬನ್ನು ಎಲ್ಲಿ?" ಎಂದ ಮಿಲೋ.

"ಲವೋನ್ ಹತ್ರ ಇದೆ. ನಾನು ನಡೀತೀನಿ."

"ಅಯ್ಯೋ ದೇವರೇ! ಆ ಬಣ್ಣ ಬಳಿದ ಮುದಿ ಕೋಲು ಹಿಡ್ಕೊಂಡಾ?"

ಉಳಿದವರು ನಕ್ಕರು. ಮಿಲೋನ ಚಿಕ್ಕಪ್ಪನ ಮಗ ರೋಲ್ಫ್ ಮಾತ್ರ ಬೂಟು ನೋಡಿಕೊಳ್ಳುತ್ತ ನಿಂತಿದ್ದ. "ನಡೀಲಿ ಬಿಡೋ, ಅವಳ ಹೊಲ ತಾನೇ" ಎಂದು ಗೊಣಗಿದ. ಮಿಲೋ ಅವನನ್ನು ದುರುಗುಟ್ಟಿ ನೋಡಿದ ಮೇಲೆ ಅವನೂ ಬಾಯಿ ಮುಚ್ಚಿಕೊಂಡ.

ಆರ್ಡಿಸ್ ಅಲುಗಲಿಲ್ಲ. ಎಲ್ಲರೂ ತೋಟಾ ತುಂಬಿದಾಗ ಅವಳೂ ತುಂಬಿದಳು, ನಳಿಗೆಗೆ ಇನ್ನೂ ಏರಿಸಿರಲಿಲ್ಲ. ಮಿಲೋ ದಾಪುಗಾಲು ಹಾಕಿ ಬಂದವನೇ ಬಂದೂಕನ್ನು ಅವಳ ಕೈಯಿಂದ ಕಸಿದುಕೊಂಡ.

"ಇಂಥದ್ದರಲ್ಲಿ ತೋಟಾ ಸಿಕ್ಕಿಹಾಕ್ಕೊಳುತ್ತೆ. ತೋರಿಸ್ತೀನಿ ನೋಡಿ."

"ಮಿಲೋ, ಟ್ರಿಗರ್ ಮೇಲಿಂದ ಬೆರಳು ತೆಗಿ. ಇದು ನಿನ್ನದರ ಹಾಗಲ್ಲ."

"ನಂಗೇ ಹೇಳಿಕೊಡ್ತೀಯಾ? ನಂಗೆ?"

ತನ್ನ ಹೊಸ ಬಂದೂಕು ಹಿಡಿಯುವ ಅಭ್ಯಾಸದಲ್ಲೇ ಬೆರಳು ಒತ್ತಿಕೊಂಡು, ಅವಳ ಮುಖವನ್ನೇ ನೋಡುತ್ತ, ಜಂಬದಿಂದ ಪಂಪ್ ಎಳೆದು ದೂಡಿದ. ಢಂ! ನನ್ನ ಪಿಕಪ್ಪಿನ ಹಿಂದಿನ ಚಕ್ರ ಒಡೆದು ಗಾಡಿ ವಾಲಿತು. ನನ್ನ ಮೊಣಕಾಲು ಆ ಚಕ್ರದ ಪಕ್ಕದಲ್ಲೇ ಇತ್ತು. ಬಿಸಿ ಕಾಫಿ ಮೈಮೇಲೆ ಚೆಲ್ಲಿದ್ದು ಎಷ್ಟೋ ಹೊತ್ತಿನ ಮೇಲೆ ನನಗೆ ತಿಳಿಯಿತು.

ಮಿಲೋನ ಮುಖ ಸುಣ್ಣದಂತಾಯಿತು. ಅದೂ ಒಂದೇ ಗಳಿಗೆ. "ನೋಡಿದ್ರಾ? ಹಾಳು ಬಂದೂಕು! ಯಾರನ್ನಾದ್ರೂ ಕೊಲ್ಲುತ್ತೆ ಇದು" ಎಂದು ಕಿರುಚಿದ. ಮುಠ್ಠಾಳ! ಆಮೇಲೆ ಆದದ್ದಕ್ಕೇ ನನಗೆ ಹೆಚ್ಚು ಹೊಟ್ಟೆ ಉರಿಯುವುದು. ಅಷ್ಟೂ ಜನ ಹೌದೆಂದು ತಲೆಯಾಡಿಸಿದರು. ಅವಳು ಎಚ್ಚರ ಹೇಳಿದ್ದು ಎಲ್ಲರ ಕಿವಿಗೂ ಬಿದ್ದಿತ್ತು.

"ಅದನ್ನ ಗಾಡೀಲಿ ಇಡು. ಹೋಗಿ ಆ ಬನ್ನು ಹಂಚು" ಎಂದ ಮಿಲೋ.

ಆರ್ಡಿಸ್ ಅವನ ಕೈಯಿಂದ ಬಂದೂಕು ತೆಗೆದುಕೊಂಡಳು. ಉಳಿದ ತೋಟಾಗಳನ್ನು ಒಂದೊಂದಾಗಿ ಹೊರತೆಗೆದು ಜೇಬಿಗೆ ಹಾಕಿಕೊಂಡಳು.

"ಈ ಹೊಲ ನನ್ನದು. ಎಲ್ಲರೂ ಹೊರಡಿ."

"ತಮಾಷೆ ಮಾಡ್ತಿದೀಯಾ? ನಮ್ಮಪ್ಪನ ಕಾಲದಿಂದ..."

"ನಿಮ್ಮಪ್ಪ ಇಲ್ಲ. ವೆಂಡೆಲ್ ಇಲ್ಲ. ನಾನಿದೀನಿ. ನಡೀರಿ ಆಚೆ. ಆ ತುದೀಲಿ ನಿಂತವರನ್ನೂ ಕರ್ಕೊಂಡು ಹೋಗಿ."

ನಮ್ಮ ಕಡೆ ಜಗಳ ಆಡಿದರೂ ಹೊಲದಿಂದ ಯಾರನ್ನೂ ಓಡಿಸುವುದಿಲ್ಲ. ಓಡಿಸಿದರೆ ಸಂಬಂಧ ಅಲ್ಲಿಗೆ ಮುಗಿಯಿತು. ಅದು ಅವಳಿಗೂ ಗೊತ್ತು, ಅವರಿಗೂ ಗೊತ್ತು. ಗಾಡಿಗಳು ಒಂದರ ಹಿಂದೊಂದು ಹೊರಟವು. ನನ್ನ ಚಕ್ರ ಬದಲಿಸಿಕೊಡಲು ಒಬ್ಬನೂ ಇಳಿಯಲಿಲ್ಲ, ರೋಲ್ಫ್ ಕೂಡ. ಮಿಲೋ ಕಿಟಕಿಯಿಂದ ತಲೆ ಹಾಕಿ "ಇನ್ನು ನಮ್ಮ ಮನೆ ಹೊಸ್ತಿಲು ತುಳೀಬೇಡ" ಎಂದು ಕೂಗಿ ಹೋದ.

"ಪೀಡೆ ತೊಲಗಿತು!" ಎಂದೆ ನಾನು. "ಬಾರೆ, ನಾವಿಬ್ಬರೇ ನಡೆಯೋಣ."

ನಡೆದೆವು. ಒಣಗಿದ ಜೋಳದ ಎಲೆ ಸರಸರ ಎನ್ನುತ್ತಿತ್ತು. ಹುಂಜಗಳು ನಮ್ಮ ಮುಂದೆಯೇ ಸಾಲುಗಳ ನಡುವೆ ಓಡುವುದು ಕಾಣುತ್ತಿತ್ತು. ಇಬ್ಬರು ನಡೆದರೆ ಅವು ಯಾಕೆ ಹಾರುತ್ತವೆ? ತಡೆಯಲು ಆ ತುದಿಯಲ್ಲಿ ಯಾರೂ ಇಲ್ಲ. ಓಡುತ್ತ ಓಡುತ್ತ ಹೊಲದ ಕೊನೆ ಮುಟ್ಟಿ, ಗುಂಡು ತಲುಪದಷ್ಟು ದೂರದಲ್ಲಿ ಒಟ್ಟಿಗೇ ಎದ್ದು, ರಸ್ತೆ ದಾಟಿ ಹೋದವು. ಆರ್ಡಿಸ್ ಬಂದೂಕು ಎತ್ತಲೇ ಇಲ್ಲ.

"ಹೋಗ್ಲಿ ಬಿಡೆ, ಹಕ್ಕಿಗೇನು ಬರ" ಎಂದೆ.

ಅವಳು ಸಾಲಿನ ನಡುವೆಯೇ ನಿಂತು ಅತ್ತುಬಿಟ್ಟಳು. ಗಂಡನ ಮಣ್ಣಿನ ದಿನವೂ ಅವಳು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ.

"ಹಕ್ಕಿ ಯಾರಿಗೆ ಬೇಕಿತ್ತು ಲವೋನ್," ಎಂದಳು. "ನಂಗೆ ಅವರ ಜೊತೆ ನಡೀಬೇಕಿತ್ತು ಕಣೆ."