ಇಲ್ಲದ ತಲೆನೋವಿಗೆ ಶುಂಠಿ

ಗೌರಕ್ಕ, ನನಗೆ ಆ ತಲೆನೋವು ಯಾವತ್ತೂ ಇರಲಿಲ್ಲ. ನಂಜನಗೂಡಿನ ಗಾರ್ಮೆಂಟ್ಸಿನಲ್ಲಿ ಅಕ್ಕಪಕ್ಕದ ಮಿಷನ್ನಿನಲ್ಲಿ ಕೂತು ಹೊಲಿದ ಅಷ್ಟೂ ವರ್ಷ ನಿಮಗೆ ಸುಳ್ಳು ಹೇಳಿದೆ.

ಊಟದ ಬೆಲ್ ಹೊಡೆದ ಮೇಲೆ, ಡಬ್ಬಿ ತೆಗೆಯುವ ಮುಂಚೆ, ಹಣೆಗೆ ಕೈ ಕೊಟ್ಟು ಕಣ್ಣು ಮುಚ್ಚುತ್ತಿದ್ದೆನಲ್ಲ — ಅದು ಪ್ರಾರ್ಥನೆ. ನಮ್ಮ ಮನೆಯಲ್ಲಿ ಯೇಸುವಿಗೆ ಸ್ತೋತ್ರ ಹೇಳದೆ ತುತ್ತು ಎತ್ತುವುದಿಲ್ಲ. ಮೊದಲ ದಿನವೇ ನೀವು "ಯಾಕವ್ವ ಶಾಂತಿ, ತಲೆನೋವಾ?" ಅಂದಿರಿ. ನಾನು ಹೂಂ ಅಂದೆ. ಮೊದಲೇ ಬಾಯಿಸತ್ತವಳು ನಾನು, ನಾಲ್ಕು ಜನರೆದುರು ಹೆಸರು ಹೇಳುವುದಕ್ಕೂ ತಡವರಿಸುತ್ತೇನೆ. ಅದರ ಮೇಲೆ ಭಯ — ಮತಾಂತರ ಮಾಡೋಕೆ ಬಂದವ್ಳೆ ಅಂತ ಯಾರಾದರೂ ಅಂದುಬಿಟ್ಟರೆ?

ನೀವು ಕೊರಳ ಲಿಂಗವನ್ನಾಗಲಿ ಹಣೆಯ ವಿಭೂತಿಯನ್ನಾಗಲಿ ಮುಚ್ಚಿಕೊಂಡವರಲ್ಲ. ಮಾರನೆಯ ದಿನದಿಂದ ಹೆಡತಲೆ ಊರಿನ ನಿಮ್ಮ ಮನೆಯಿಂದ ಒಣಶುಂಠಿ ತೇದು ತರತೊಡಗಿದಿರಿ. ಅಯ್ಯೋ, ಇಲ್ಲದ ನೋವಿಗೆ ಹಣೆ ಉರಿಯುವ ಹಾಗೆ ಹಚ್ಚಿಸಿಕೊಂಡೆ.

ಆಮೇಲೆ ನಿಮ್ಮ ಹೊಟ್ಟೆಯಲ್ಲಿ ಗಡ್ಡೆ ಅಂದರು. ಆಪರೇಷನ್ನಿಗೆ ಮೈಸೂರಿಗೆ ಹೋಗುವ ಮುನ್ನಾದಿನ, ಶಿಫ್ಟ್ ಬಿಟ್ಟ ಮೇಲೆ ಗೇಟಿನ ಹತ್ತಿರ ನನ್ನ ಕೈ ಹಿಡಿದಿರಿ.

"ನಂಗೊತ್ತು ಕಣವ್ವ, ನೀನು ಊಟಕ್ಕೆ ಮುಂಚೆ ಯಾವ್ದೋ ದೇವ್ರ ನೆನೀತೀಯ. ನಂಜುಂಡಪ್ಪನ್ಗೆ ಅರಕೆ ಕಟ್ಕಂಡಿವ್ನಿ, ಆದ್ರೂ ಬಲೇ ಭಯ ಆಯ್ತದೆ. ನಿನ್ ದೇವ್ರಿಗೂ ಒಂದ್ ಮಾತ್ ಏಳು. ಇಲ್ಲೇ ಏಳು, ನಾನೂ ಕೇಳಿಸ್ಕತೀನಿ."

ಒಂದೇ ಒಂದು ಮಾತು… ಕಣ್ಣು ಮುಚ್ಚಿಯೂ ಇದ್ದೆ. ಅಷ್ಟರಲ್ಲಿ ಹಿಂದಿನಿಂದ ಸೂಪರ್‌ವೈಸರ್ ಬೈಕು ತಳ್ಳಿಕೊಂಡು ಬಂದ. ಇನ್ನೊಂದು ಕೈಯನ್ನು ಹಣೆಗೆ ಒತ್ತಿಕೊಂಡೆ.

"ಯಾವ ದೇವ್ರು? ತಲೆನೋವು ಕಣಕ್ಕ," ಅಂದೆ.

ನೀವು ಕೈ ಬಿಟ್ಟಿರಿ. ಬೈಯಲಿಲ್ಲ. ಸೆರಗಿನ ತುದಿಯ ಗಂಟು ಬಿಚ್ಚಿ ಶುಂಠಿಯ ತುಂಡೊಂದನ್ನು ನನ್ನ ಅಂಗೈಯಲ್ಲಿಟ್ಟು, "ನಾನ್ ಬರೋಗಂಟ ನೀನೇ ತೇಯ್ಕೊ," ಅಂದಿರಿ.

ನೀವು ಬರಲಿಲ್ಲ.

ಆ ಮಾತು ಹೇಳಿದ್ದರೆ ಬದುಕಿ ಉಳಿಯುತ್ತಿದ್ದಿರಿ ಅಂತಲ್ಲ, ಅದು ನನಗೆ ಗೊತ್ತಿಲ್ಲ. ಆದರೆ ನೀವು ಅಷ್ಟು ಹೆದರಿದ್ದಾಗ ನಿಮ್ಮನ್ನು ಒಬ್ಬರನ್ನೇ ಕಳಿಸಿದೆ.

ನಿಮ್ಮ ಮಿಷನ್ನಿಗೆ ಈಗ ನರಸೀಪುರದ ಕಡೆಯ ಹೊಸಬಳು ಬಂದಿದ್ದಾಳೆ. ಇವತ್ತು ಊಟಕ್ಕೆ ಕೂತಾಗ ಅವಳೂ ಕೇಳಿದಳು, "ತಲೆನೋವಾ ಅಕ್ಕ?" ಅಂತ. "ಇಲ್ಲ ಕಣಮ್ಮ, ಪ್ರಾರ್ಥನೆ ಮಾಡ್ತಿದ್ದೆ," ಅಂದೆ. ಯಾರಿಗೆ ಹೇಳುತ್ತಾಳೋ ಅಂತ ಈಗಲೂ ಭಯ. ನಾಳೆಯೂ ಕೇಳಿದರೆ ಅದನ್ನೇ ಹೇಳುತ್ತೇನೆ, ಗೌರಕ್ಕ — ಬಾಯಿಬಿಟ್ಟು ಕೇಳಿದ ನಿಮಗೊಬ್ಬರಿಗೆ ಹೇಳಲಾಗಲಿಲ್ಲ.